ಬೆಂಕಿ ಬೀಳುವ ಮೊದಲೇ ನೀರಿನ ಲೆಕ್ಕ: ಒಂಟಿ ಮನೆಗೆ ತುಂತುರು ರಕ್ಷಣೆ

‘ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು’ ಎಂಬ ಗಾದೆಯನ್ನು ಕೇಳದ ರೈತರಿಲ್ಲ. ಆದರೆ ಬಾವಿ ಮೊದಲೇ ಇದ್ದು, ತೊಟ್ಟಿ ತುಂಬಿದ್ದರೂ ಮನೆ ಸುಟ್ಟುಹೋಗುವುದುಂಟು. ಮಲೆನಾಡಿನ ನಮ್ಮ ಹಳೆಯ ಮನೆಯಲ್ಲಿ ಒಂದು ಬೇಸಿಗೆಯ ರಾತ್ರಿ ಕೊಟ್ಟಿಗೆಯ ಅಟ್ಟದ ಹುಲ್ಲಿಗೆ ಬೆಂಕಿ ತಗುಲಿತು. ಮನೆಯ ಹಿಂದಿನ ಗುಡ್ಡದ ಮೇಲೆ ಅಬ್ಬಿ ನೀರು ಬಂದು ಬೀಳುವ 3,000 ಲೀಟರಿನ ತೊಟ್ಟಿ ತುಂಬಿ ಹೊರಚೆಲ್ಲುತ್ತಿತ್ತು. ಅಲ್ಲಿಂದ ಮನೆಗೆ ಬಂದಿದ್ದುದು ಸುಮಾರು 100 ಮೀಟರ್ ಉದ್ದದ ಅರ್ಧ ಅಂಗುಲದ ಪೈಪು. ನಲ್ಲಿಯನ್ನು ಪೂರ್ತಿ ತಿರುಗಿಸಿದರೂ ಒಂದು ಕೊಡ ತುಂಬಲು ಎರಡು ನಿಮಿಷ ಹಿಡಿಯಿತು. ತಂತಿ ಸುಟ್ಟು ಕರೆಂಟು ಹೋದುದರಿಂದ ಬಾವಿಯ ಪಂಪು ನಡೆಯಲಿಲ್ಲ. ಮನೆಯವರು ಹೊರಗೆ ಬಂದು ಉಳಿದರು. ಕಣ್ಣಿ ಬಿಗಿದು ಬಿಚ್ಚಲಾಗದೆ ಎರಡು ಹಸುಗಳು ಉಳಿಯಲಿಲ್ಲ.

ಆ ರಾತ್ರಿ ನಮ್ಮಲ್ಲಿ ನೀರಿಗೆ ಕೊರತೆ ಇರಲಿಲ್ಲ. ನೀರಿನ ಹರಿವಿಗೆ ಕೊರತೆ ಇತ್ತು. ಪಟ್ಟಣದ ಕೊಳಾಯಿಯಾಗಲಿ, ನಂಬಬಹುದಾದ ವಿದ್ಯುತ್ತಾಗಲಿ ಇಲ್ಲದ ತೋಟದ ಮನೆಗಳಲ್ಲಿ ಬೆಂಕಿಯಿಂದ ರಕ್ಷಣೆಗೆ ಎಷ್ಟು ನೀರು, ಯಾವ ವೇಗದಲ್ಲಿ, ಎಷ್ಟು ಒತ್ತಡದಲ್ಲಿ ಬೇಕು ಎಂಬುದನ್ನು ಈ ಪಾಠದಲ್ಲಿ ಲೆಕ್ಕ ಹಾಕಿ ನೋಡೋಣ.

ತುಂತುರು ರಕ್ಷಣೆ ಎಂದರೇನು?

ತೋಟಕ್ಕೆ ನೀರು ಹಾಯಿಸುವ ಸ್ಪ್ರಿಂಕ್ಲರ್ ನಮ್ಮ ರೈತರಿಗೆ ಹೊಸತಲ್ಲ. ಬೆಂಕಿಯ ಸ್ಪ್ರಿಂಕ್ಲರ್ ಬೇರೆಯೇ ಜಾತಿಯದು. ಮನೆಯ ಮಾಳಿಗೆಯ ಅಡಿಯಲ್ಲಿ ಪೈಪು ಹಾಯಿಸಿ, ಕೋಣೆಗೆ ಒಂದರಂತೆ ಚಿಕ್ಕ ಹಿತ್ತಾಳೆಯ ತಲೆಗಳನ್ನು ಕೂರಿಸಿರುತ್ತಾರೆ. ಪೈಪಿನಲ್ಲಿ ಯಾವಾಗಲೂ ನೀರು ತುಂಬಿರುತ್ತದೆ. ತಲೆಯ ಬಾಯಿಯನ್ನು ದ್ರವ ತುಂಬಿದ ಬೆರಳುದ್ದಕ್ಕೂ ಕಡಿಮೆಯ ಗಾಜಿನ ಕೊಳವೆಯೊಂದು ಒತ್ತಿ ಹಿಡಿದಿರುತ್ತದೆ. ಕೆಳಗೆ ಬೆಂಕಿ ಹುಟ್ಟಿ ಬಿಸಿಗಾಳಿ ಮೇಲೇರಿದಾಗ ದ್ರವ ಹಿಗ್ಗಿ ಗಾಜು ಒಡೆಯುತ್ತದೆ. ಬಾಯಿ ತೆರೆದು ನೀರು ಕೊಡೆಯಂತೆ ಹರಡಿ ಬೀಳುತ್ತದೆ.

ಸಿನಿಮಾದಲ್ಲಿ ತೋರಿಸುವಂತೆ ಮನೆಯ ಎಲ್ಲ ತಲೆಗಳೂ ಒಮ್ಮೆಗೇ ತೆರೆಯುವುದಿಲ್ಲ. ಯಾವ ತಲೆಗೆ ಶಾಖ ತಟ್ಟಿತೋ ಅದು ಮಾತ್ರ ತೆರೆಯುತ್ತದೆ. ಹೊಗೆಗೆ ಅದು ತೆರೆಯುವುದಿಲ್ಲ, ಶಾಖಕ್ಕೆ ಮಾತ್ರ. ಆದ್ದರಿಂದ ಸೌದೆ ಒಲೆಯ ಹೊಗೆಯಿಂದ ಮನೆ ನೆನೆದೀತೆಂದು ಹೆದರಬೇಕಾಗಿಲ್ಲ. ಗಾಜಿನೊಳಗಿನ ದ್ರವದ ಬಣ್ಣ ನೋಡಿ ಅದು ಒಡೆಯುವ ಉಷ್ಣತೆಯನ್ನು ತಿಳಿಯಬಹುದು: ಕಿತ್ತಳೆ 57 ಡಿಗ್ರಿ, ಕೆಂಪು 68 ಡಿಗ್ರಿ, ಹಳದಿ 79 ಡಿಗ್ರಿ, ಹಸಿರು 93 ಡಿಗ್ರಿ ಸೆಲ್ಸಿಯಸ್. ವಾಸದ ಕೋಣೆಗಳಿಗೆ ಕೆಂಪು ಸಾಕು. ತಗಡಿನ ಮಾಡಿನ ಅಡಿಯಂತೆ ಬೇಸಿಗೆಯಲ್ಲಿ ಬಹಳ ಕಾಯುವ ಜಾಗಕ್ಕೆ ಹೆಚ್ಚಿನ ಉಷ್ಣತೆಯ ತಲೆಯನ್ನು ಆರಿಸಬೇಕು.

ಅಮೆರಿಕದ ನಿಯಮದಿಂದ ತಿಳಿಯಬೇಕಾದ್ದು

ಈ ವ್ಯವಸ್ಥೆಯನ್ನು ಸಾಮಾನ್ಯರ ಮನೆಗೆ ಒಗ್ಗಿಸಿದ್ದು ಮುಖ್ಯವಾಗಿ ಅಮೆರಿಕ ದೇಶದಲ್ಲಿ. ಅಲ್ಲಿಯ ರಾಷ್ಟ್ರೀಯ ಅಗ್ನಿ ರಕ್ಷಣಾ ಸಂಘವು ಒಂದು ಅಥವಾ ಎರಡು ಕುಟುಂಬಗಳ ಮನೆಗಳಿಗೆಂದೇ ‘13ಡಿ’ ಎಂಬ ಮಾನಕವನ್ನು 1975ರಲ್ಲಿ ಹೊರತಂದಿತು. ಅರಿಜೋನಾದ ಸ್ಕಾಟ್ಸ್‌ಡೇಲ್ ನಗರವು 1985ರಲ್ಲಿ ಕಾಯಿದೆ ಮಾಡಿ ಹೊಸ ಮನೆಗಳಿಗೆ ಇದನ್ನು ಕಡ್ಡಾಯಗೊಳಿಸಿತು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2011ರ ಜನವರಿ 1ರಿಂದ ಹೊಸದಾಗಿ ಕಟ್ಟುವ ಇಂಥ ಮನೆಗಳಿಗೆ ಇದು ಕಡ್ಡಾಯವಾಗಿದೆ.

ಅಲ್ಲಿಯೂ ಹಳ್ಳಿಗಾಡಿನ ಎಷ್ಟೋ ಮನೆಗಳಿಗೆ ನಗರದ ನೀರಿಲ್ಲ. ಅವರಿಗೆ ಸ್ವಂತ ಬಾವಿ, ಸ್ವಂತ ತೊಟ್ಟಿಯೇ ಗತಿ. ‘ನನ್ನ ಬಾವಿಯ ನೀರು ನಿಮಿಷಕ್ಕೆ ಹತ್ತು ಲೀಟರು, ನಿಯಮ ಕೇಳುವುದು ನೂರು ಲೀಟರು. ಏನು ಮಾಡಲಿ?’ ಎಂಬುದು ಅಲ್ಲಿಯ ಮನೆಯವರ ಮೊದಲ ಪ್ರಶ್ನೆ. ಮಾನಕದ ಉತ್ತರ ಸರಳವಾಗಿದೆ. ಬಾವಿಯ ಇಳುವರಿಯೇ ಅಷ್ಟಿರಬೇಕೆಂದು ಅದು ಕೇಳುವುದಿಲ್ಲ. ಬೇಕಾದಷ್ಟು ನೀರು ತೊಟ್ಟಿಯಲ್ಲಿ ಸಿದ್ಧವಾಗಿದ್ದು, ಬೇಕಾದ ವೇಗದಲ್ಲಿ ತಾನಾಗಿಯೇ ಹೊರಬಂದರೆ ಸಾಕು. ನಿಧಾನವಾಗಿ ತುಂಬಿ ವೇಗವಾಗಿ ಬಿಡುವುದೇ ಇದರ ತಿರುಳು.

ನಮ್ಮ ಹಳ್ಳಿಯ ಮನೆಗಳಿಗೆ ಇಂಥ ಕಡ್ಡಾಯವಿಲ್ಲ. ಆದರೂ ಆ ಮಾನಕದ ಲೆಕ್ಕ ನಮಗೆ ಉಪಯುಕ್ತ. ಮರದ ಅಟ್ಟ, ಮರದ ತೊಲೆ, ಸೌದೆ ಒಲೆ ಇರುವ, ಅಗ್ನಿಶಾಮಕ ವಾಹನ ಬರಲು ಗಂಟೆ ಹಿಡಿಯುವ ಒಂಟಿ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಮೂರು ಲೆಕ್ಕಗಳು

1. ಹರಿವು: ಸುಮಾರು 16 ಅಡಿ ಉದ್ದ, 16 ಅಡಿ ಅಗಲದ ಕೋಣೆಯನ್ನು ಕಾಯುವ ಒಂದು ತಲೆಗೆ ಸಾಮಾನ್ಯವಾಗಿ ನಿಮಿಷಕ್ಕೆ 49 ಲೀಟರ್ ನೀರು ಬೇಕು. ಎರಡು ತಲೆಗಳು ತೆರೆದಿವೆ ಎಂದು ಲೆಕ್ಕ ಹಿಡಿಯಬೇಕು. ಆಗ ನಿಮಿಷಕ್ಕೆ 98, ಅಂದರೆ ಸುಮಾರು 100 ಲೀಟರ್. ಬೆಂಕಿ ಚಿಕ್ಕದಿರುವಾಗಲೇ ನೀರು ಬೀಳುವುದರಿಂದ ಮನೆಯ ಬೆಂಕಿಯಲ್ಲಿ ಹೆಚ್ಚಾಗಿ ಒಂದೆರಡು ತಲೆಗಳೇ ತೆರೆಯುತ್ತವೆ. ನೀವು ಕೊಳ್ಳುವ ತಲೆಯ ತಯಾರಕರು ಇದಕ್ಕಿಂತ ಹೆಚ್ಚು ಹರಿವನ್ನು ಸೂಚಿಸಿದ್ದರೆ ಆ ಅಂಕಿಯನ್ನೇ ಹಿಡಿಯತಕ್ಕದ್ದು.

2. ಪ್ರಮಾಣ: ಈ ಹರಿವು 10 ನಿಮಿಷ ಸಾಗಬೇಕು. 98ನ್ನು 10ರಿಂದ ಗುಣಿಸಿದರೆ 980, ಸುಮಾರು 1,000 ಲೀಟರ್. ಒಂದೇ ಅಂತಸ್ತಿನ, 2,000 ಚದರ ಅಡಿಗಿಂತ ಚಿಕ್ಕ ಮನೆಗೆ ಮಾನಕವು 7 ನಿಮಿಷಕ್ಕೆ ಒಪ್ಪುತ್ತದೆ. ಅದಕ್ಕೆ ಸುಮಾರು 690 ಲೀಟರ್ ಸಾಕು. ಹತ್ತು ನಿಮಿಷ ಏಕೆಂದರೆ, ಇದರ ಮೊದಲ ಗುರಿ ಮನೆಯನ್ನು ಉಳಿಸುವುದಲ್ಲ, ಮನೆಯೊಳಗಿನ ಮುದುಕರು, ಮಕ್ಕಳು, ಹಾಸಿಗೆ ಹಿಡಿದವರು ಹೊರಬರಲು ವೇಳೆ ದೊರಕಿಸುವುದು. ಅನೇಕ ವೇಳೆ ಮನೆಯೂ ಉಳಿಯುತ್ತದೆ, ಅದು ಲಾಭ.

3. ಒತ್ತಡ: ತಲೆಯ ಬಾಯಲ್ಲಿ, ನೀರು ಹರಿಯುತ್ತಿರುವಾಗ, ಚದರ ಸೆಂಟಿಮೀಟರಿಗೆ ಕನಿಷ್ಠ ಅರ್ಧ ಕಿಲೋಗ್ರಾಂ ಒತ್ತಡ ಇರಬೇಕು. 10 ಮೀಟರ್ ಎತ್ತರದ ನೀರು ಒಂದು ಕಿಲೋಗ್ರಾಂ ಒತ್ತಡ ಕೊಡುತ್ತದೆ. ಆದ್ದರಿಂದ ಇಲ್ಲಿ ಬೇಕಾದ್ದು 5 ಮೀಟರ್ ಎತ್ತರ. ಪೈಪಿನಲ್ಲಿ ಘರ್ಷಣೆಯಿಂದ ನಷ್ಟವಾಗುವ ಎತ್ತರವನ್ನು ಇದಕ್ಕೆ ಕೂಡಿಸಬೇಕು. ರೈತರು ಸಾಮಾನ್ಯವಾಗಿ ಎಡವುವುದು ಈ ಕೂಡಿಕೆಯಲ್ಲೇ.

ಗುಡ್ಡದ ತೊಟ್ಟಿ ಇರುವ ಮನೆ

ಮಲೆನಾಡಿನ ರೈತರು ಈ ವಿಷಯದಲ್ಲಿ ಭಾಗ್ಯವಂತರು. ಗುಡ್ಡದ ತೊಟ್ಟಿಯ ನೀರು ತನ್ನ ಭಾರದಿಂದಲೇ ಇಳಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ, ರಾತ್ರಿ ಎದ್ದು ಗುಂಡಿ ಒತ್ತುವವರೂ ಬೇಡ. ಆದರೆ ಪೈಪು ಸಣ್ಣದಾದರೆ ಗುಡ್ಡ ಎಷ್ಟು ಎತ್ತರವಿದ್ದರೂ ಪ್ರಯೋಜನವಿಲ್ಲ. ನಿಮಿಷಕ್ಕೆ 100 ಲೀಟರ್ ನೀರು ಹರಿಯುವಾಗ ನಯವಾದ ಪ್ಲಾಸ್ಟಿಕ್ ಪೈಪಿನ ಪ್ರತಿ 100 ಮೀಟರ್ ಉದ್ದಕ್ಕೆ ಆಗುವ ನಷ್ಟ ಸುಮಾರು ಹೀಗಿದೆ. ಇಲ್ಲಿ ಕೊಟ್ಟಿರುವುದು ಪೈಪಿನ ಒಳಗಿನ ವ್ಯಾಸ.

25 ಮಿ.ಮೀ. – 51 ಮೀಟರ್
32 ಮಿ.ಮೀ. – 15 ಮೀಟರ್
40 ಮಿ.ಮೀ. – 5 ಮೀಟರ್
50 ಮಿ.ಮೀ. – 2 ಮೀಟರಿಗಿಂತ ಸ್ವಲ್ಪ ಕಡಿಮೆ

ವ್ಯಾಸ ಎರಡರಷ್ಟಾದರೆ ನಷ್ಟ ಸುಮಾರು ಮೂವತ್ತರಲ್ಲಿ ಒಂದು ಪಾಲಿಗೆ ಇಳಿಯುವುದನ್ನು ಗಮನಿಸಿ.

ಒಂದು ಉದಾಹರಣೆ ನೋಡೋಣ. ತೊಟ್ಟಿಯ ತಳವು ಮನೆಯ ಅತಿ ಎತ್ತರದ ತಲೆಗಿಂತ 15 ಮೀಟರ್ ಮೇಲಿದೆ. ತೊಟ್ಟಿಯಿಂದ ಮನೆಗೆ 60 ಮೀಟರ್ ದೂರ. ಮನೆಯೊಳಗೆ ಕೊನೆಯ ತಲೆಯವರೆಗೆ 32 ಮಿ.ಮೀ. ಪೈಪು 15 ಮೀಟರ್.

ಮುಖ್ಯ ಪೈಪು 50 ಮಿ.ಮೀ. ಆದರೆ ಅದರಲ್ಲಿ ನಷ್ಟ ಸುಮಾರು 1.1 ಮೀಟರ್. ಮನೆಯೊಳಗಿನ ಪೈಪಿನಲ್ಲಿ ಸುಮಾರು 2.3 ಮೀಟರ್. ಒಟ್ಟು 3.4. ಮೊಣಕೈ, ವಾಲ್ವುಗಳಿಗೆಂದು ಮೂರನೆಯ ಒಂದು ಪಾಲು, ಅಂದರೆ 1.1 ಮೀಟರ್ ಸೇರಿಸಿದರೆ 4.5. ತಲೆಗೆ ಬೇಕಾದ 5 ಮೀಟರ್ ಕೂಡಿಸಿದರೆ 9.5 ಮೀಟರ್. ನಮ್ಮಲ್ಲಿ 15 ಮೀಟರ್ ಇದೆ. ವ್ಯವಸ್ಥೆ ಸರಿಯಾಗಿದೆ.

ಮುಖ್ಯ ಪೈಪನ್ನು 25 ಮಿ.ಮೀ.ಗೆ ಇಳಿಸಿದರೆ ಅದೊಂದರಲ್ಲೇ ನಷ್ಟ ಸುಮಾರು 31 ಮೀಟರ್. ಇರುವುದು 15. ಪೈಪಿನಲ್ಲಿ ಉಳಿಸಿದ ಹಣ ಬೆಂಕಿಯ ಪಾಲಾದಂತೆಯೇ. ನಮ್ಮ ಮನೆಯ ಅರ್ಧ ಅಂಗುಲದ ಪೈಪಿನಲ್ಲಿ ನಿಮಿಷಕ್ಕೆ ಎಂಟು ಲೀಟರ್ ಮಾತ್ರ ಏಕೆ ಬಂತು ಎಂಬುದಕ್ಕೂ ಉತ್ತರ ಇದೇ ಲೆಕ್ಕದಲ್ಲಿದೆ.

ತೊಟ್ಟಿಯ ಎತ್ತರವನ್ನು ಕಣ್ಣಳತೆಯಿಂದ ಹೇಳಬಾರದು. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿಸಿ ಗಾರೆ ಕೆಲಸದವರು ಮಟ್ಟ ನೋಡುವ ಕ್ರಮದಿಂದ ಮೆಟ್ಟಿಲು ಮೆಟ್ಟಿಲಾಗಿ ಅಳೆಯಬಹುದು.

ಬಯಲು ಸೀಮೆಯ ಮನೆ

ಗುಡ್ಡವಿಲ್ಲದ ಕಡೆ ರೈತರು ತಾರಸಿಯ ಮೇಲಿನ ತೊಟ್ಟಿಯನ್ನು ನೆಚ್ಚುತ್ತಾರೆ. ಆ ತೊಟ್ಟಿಯು ಮಾಳಿಗೆಯ ಅಡಿಯ ತಲೆಗಿಂತ ಎರಡು ಎರಡೂವರೆ ಮೀಟರ್ ಮಾತ್ರ ಎತ್ತರದಲ್ಲಿರುತ್ತದೆ. ಒತ್ತಡ ಅರ್ಧಕ್ಕಿಳಿದರೆ ಹರಿವು ನೂರಕ್ಕೆ ಎಪ್ಪತ್ತಕ್ಕೆ ಇಳಿಯುತ್ತದೆ. ಘರ್ಷಣೆಯ ನಷ್ಟ ಕಳೆದರೆ ಇನ್ನೂ ಕಡಿಮೆ. ಆದ್ದರಿಂದ ತಾರಸಿಯ ತೊಟ್ಟಿಯೊಂದರಿಂದಲೇ ಕೆಲಸವಾಗದು, ಪಂಪು ಬೇಕು.

ನಿಮಿಷಕ್ಕೆ 100 ಲೀಟರನ್ನು 15ರಿಂದ 20 ಮೀಟರ್ ಎತ್ತರಕ್ಕೆ ಎತ್ತುವ ಪಂಪು ಸಾಕು. ಸಾಮಾನ್ಯವಾಗಿ ಇದು ಒಂದು ಅಶ್ವಶಕ್ತಿಯ ಆಸುಪಾಸಿನದು. ಅಶ್ವಶಕ್ತಿ ಕೇಳಿ ಕೊಳ್ಳದೆ, ‘ಇಷ್ಟು ಎತ್ತರಕ್ಕೆ ಇಷ್ಟು ಲೀಟರ್’ ಎಂಬ ತಯಾರಕರ ಪಟ್ಟಿ ನೋಡಿ ಕೊಳ್ಳಬೇಕು. ಪೈಪಿನ ಒತ್ತಡ ಇಳಿದೊಡನೆ ತಾನೇ ಚಾಲೂ ಆಗುವಂತೆ ಒತ್ತಡದ ಸ್ವಿಚ್ಚು ಜೋಡಿಸಬೇಕು.

ಇನ್ನು ಶಕ್ತಿಯ ಪ್ರಶ್ನೆ:

(ಅ) ವಿದ್ಯುತ್ತು: ಬೆಂಕಿ ಬಿದ್ದಾಗ ಮೊದಲು ಮಾಡುವ ಕೆಲಸ ಮನೆಯ ಮೈನ್ ಸ್ವಿಚ್ ತೆಗೆಯುವುದು. ಅದರೊಡನೆ ಪಂಪೂ ನಿಲ್ಲಬಾರದು. ಪಂಪಿಗೆ ಪ್ರತ್ಯೇಕ ಸ್ವಿಚ್ಚು, ಪ್ರತ್ಯೇಕ ತಂತಿ ಇರಲಿ. ತಂತಿ ಮನೆಯೊಳಗಿಂದ ಹಾಯದೆ ನೆಲದಡಿಯಲ್ಲಿ ಹೋಗಲಿ. ಈ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸತಕ್ಕದ್ದು.

(ಆ) ಸೌರ ಪಂಪು: ಬ್ಯಾಟರಿಯಿಲ್ಲದ ಸೌರ ಪಂಪು ಹಗಲಿನಲ್ಲಿ ತೊಟ್ಟಿ ತುಂಬಲು ಬಹಳ ಒಳ್ಳೆಯದು. ರಾತ್ರಿ ಬೆಂಕಿ ಬಿದ್ದರೆ ಅದು ನಡೆಯುವುದಿಲ್ಲ. ತುಂಬುವ ಪಂಪಿಗೂ ಬೆಂಕಿಯ ಪಂಪಿಗೂ ವ್ಯತ್ಯಾಸ ತಿಳಿದಿರಬೇಕು.

(ಇ) ಬ್ಯಾಟರಿ ಮತ್ತು ಇನ್ವರ್ಟರ್: ಹತ್ತು ನಿಮಿಷ ಪಂಪು ನಡೆಸಲು ಬೇಕಾದ ವಿದ್ಯುತ್ತು ಹೆಚ್ಚಲ್ಲ. ಆದರೆ ಮೋಟಾರು ಚಾಲೂ ಆಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ವಿದ್ಯುತ್ತು ಎಳೆಯುತ್ತದೆ. ದೀಪ, ಫ್ಯಾನಿಗೆಂದು ತಂದ ಇನ್ವರ್ಟರ್ ಆಗ ಸೋತು ನಿಲ್ಲುತ್ತದೆ. ಆ ಎಳೆತವನ್ನು ತಾಳುವ ಇನ್ವರ್ಟರನ್ನೇ ಕೇಳಿ ಕೊಳ್ಳಬೇಕು.

(ಈ) ಡೀಸೆಲ್ ಅಥವಾ ಪೆಟ್ರೋಲ್ ಎಂಜಿನ್ ಪಂಪು: ಹಗ್ಗ ಎಳೆದು ಚಾಲೂ ಮಾಡಲು ಒಬ್ಬರು ಎಚ್ಚರವಿರಬೇಕು. ಆದ್ದರಿಂದ ತುಂತುರು ವ್ಯವಸ್ಥೆಗೆ ಇದೊಂದನ್ನೇ ನಂಬಬಾರದು. ಹೊರಗಿನಿಂದ ರಬ್ಬರ್ ಪೈಪು ಹಿಡಿದು ಬೆಂಕಿ ನಂದಿಸಲು ಇದು ಉತ್ತಮ. ಎಣ್ಣೆಯ ಕ್ಯಾನನ್ನು ಮನೆಯೊಳಗಿಡಬಾರದು.

ತೊಟ್ಟಿಯಲ್ಲಿ ಮೀಸಲು

ಮನೆ ಬಳಕೆಗೂ ಬೆಂಕಿಗೂ ಒಂದೇ ತೊಟ್ಟಿ ಇರಬಹುದು. ಆದರೆ ಬೆಂಕಿಯ ಪಾಲನ್ನು ಬಚ್ಚಲು, ದನಕರು, ಗಿಡಗಳು ಕುಡಿದು ಮುಗಿಸದಂತೆ ಬೇಲಿ ಹಾಕಬೇಕು. ಈ ಬೇಲಿ ಬಹಳ ಸುಲಭ. ಬೆಂಕಿಯ ಪೈಪನ್ನು ತೊಟ್ಟಿಯ ತಳದ ಹತ್ತಿರದಿಂದ ತೆಗೆಯಬೇಕು. ಮನೆ ಬಳಕೆಯ ಪೈಪನ್ನು ಮೇಲಿನಿಂದ ತೆಗೆಯಬೇಕು. 2,000 ಲೀಟರಿನ ಉರುಟು ತೊಟ್ಟಿಯಲ್ಲಿ ಬಳಕೆಯ ಪೈಪನ್ನು ಅರ್ಧಕ್ಕಿಂತ ಸ್ವಲ್ಪ ಮೇಲೆ ಕೂರಿಸಿದರೆ ಕೆಳಗಿನ 1,000 ಲೀಟರ್ ಎಂದೂ ಖರ್ಚಾಗುವುದಿಲ್ಲ. ನಲ್ಲಿಯಲ್ಲಿ ನೀರು ನಿಂತಿತೆಂದರೆ ತೊಟ್ಟಿಯಲ್ಲಿ ಬೆಂಕಿಯ ಪಾಲು ಮಾತ್ರ ಉಳಿದಿದೆ ಎಂದು ಅರ್ಥ.

ಬೆಂಕಿಯ ಪೈಪು ತಳಕ್ಕೆ ಅಂಟಿಕೊಂಡಿರದೆ ನಾಲ್ಕು ಅಂಗುಲ ಮೇಲಿರಲಿ. ಇಲ್ಲವಾದರೆ ಕೆಸರು ಸೇರಿ ತಲೆಗಳು ಕಟ್ಟಿಕೊಳ್ಳುತ್ತವೆ. ಆ ನಾಲ್ಕು ಅಂಗುಲದ ನೀರನ್ನು ಮೀಸಲಿನ ಲೆಕ್ಕಕ್ಕೆ ಸೇರಿಸಬಾರದು. ಕೆಸರು ಬಿಡಲು ತಳದಲ್ಲಿ ಬೇರೆ ತೂಬು ಇರಲಿ. ಒರತೆಯಲ್ಲಿ ನಿಮಿಷಕ್ಕೆ ಎರಡೇ ಲೀಟರ್ ಬಂದರೂ 1,000 ಲೀಟರ್ ತುಂಬಲು ಎಂಟೂವರೆ ಗಂಟೆ ಸಾಕು. ಬಡ ಒರತೆಯೆಂದು ಯಾರೂ ನಿರಾಶರಾಗಬೇಕಾಗಿಲ್ಲ.

ಪೈಪು ಮತ್ತು ತಲೆಗಳ ಜೋಡಣೆ

1. ತೊಟ್ಟಿಯಿಂದ ಬರುವ ಕಪ್ಪು ಪಾಲಿಥೀನ್ ಪೈಪನ್ನು ನೆಲದ ಮೇಲೆ ಹಾಯಿಸಬಾರದು. ಬೇಸಿಗೆಯಲ್ಲಿ ದರಗಿಗೆ ಬೆಂಕಿ ಬಿದ್ದರೆ ಮೊದಲು ಕರಗುವುದು ಅದೇ. ಒಂದೂವರೆ ಅಡಿ ಆಳದಲ್ಲಿ ಹೂಳಬೇಕು.

2. ಮನೆಯೊಳಗೆ ಜಿ.ಐ. ಪೈಪು ಅಥವಾ ಅಗ್ನಿಶಾಮಕಕ್ಕೆಂದೇ ಪ್ರಮಾಣಿತವಾದ ಸಿ.ಪಿ.ವಿ.ಸಿ. ಪೈಪು ಬಳಸಬೇಕು. ಸಾಮಾನ್ಯ ನೀರಾವರಿ ಪಿ.ವಿ.ಸಿ. ಸಲ್ಲದು.

3. ತಲೆಯು ಮಾಳಿಗೆಗೆ ಹತ್ತಿರವಾಗಿ, ಒಂದರಿಂದ ನಾಲ್ಕು ಅಂಗುಲ ಕೆಳಗಿರಬೇಕು. ಹಲಗೆಯ ಮಾಳಿಗೆ ಇರುವ ಕೋಣೆಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಾಳಿಗೆಯಿಲ್ಲದ ಹಂಚಿನ ಮಾಡಿನಲ್ಲಿ ಬಿಸಿಗಾಳಿ ಸಂದಿಯಿಂದ ಹೊರಹೋಗಿ ತಲೆ ತೆರೆಯುವುದು ತಡವಾಗುತ್ತದೆ.

4. ತಲೆಗೆ ಸುಣ್ಣ, ಬಣ್ಣ ಬಳಿಯಬಾರದು. ಅದಕ್ಕೆ ಬಟ್ಟೆ, ತೋರಣ ಕಟ್ಟಬಾರದು. ಒಲೆಯ ನೇರ ಮೇಲೆ ತಲೆ ಕೂರಿಸಬಾರದು.

5. ತೋಟದ ಸ್ಪ್ರಿಂಕ್ಲರ್ ಜೆಟ್ಟನ್ನು ತಂದು ಮನೆಯಲ್ಲಿ ಕೂರಿಸುವ ಜಾಣತನ ಬೇಡ. ಅದು ತಾನಾಗಿ ತೆರೆಯುವುದಿಲ್ಲ. ಅದಕ್ಕೆ ಒತ್ತಡವೂ ಹಲವು ಪಟ್ಟು ಬೇಕು.

6. ಮುಖ್ಯ ವಾಲ್ವು ಸದಾ ತೆರೆದಿರಬೇಕು. ಅದರ ಹಿಡಿಯನ್ನು ತೆರೆದ ಸ್ಥಿತಿಯಲ್ಲೇ ತಂತಿಯಿಂದ ಕಟ್ಟಿಡಿ. ಮುಚ್ಚಿದ ವಾಲ್ವಿನ ಹಿಂದೆ ಎಷ್ಟು ನೀರಿದ್ದರೂ ಇಲ್ಲದಂತೆಯೇ.

ಪರೀಕ್ಷೆ ಮಾಡದ ವ್ಯವಸ್ಥೆಯನ್ನು ನಂಬಬೇಡಿ

ಮನೆಯೊಳಗಿನ ಪೈಪಿನ ಅತಿ ದೂರದ, ಅತಿ ಎತ್ತರದ ತುದಿಯಲ್ಲಿ ಒಂದು ಪರೀಕ್ಷಾ ನಲ್ಲಿಯನ್ನೂ ಒತ್ತಡದ ಮಾಪಕವನ್ನೂ ಕೂರಿಸಿ. 200 ಲೀಟರಿನ ಡ್ರಮ್ಮನ್ನು ಕೆಳಗಿಟ್ಟು ನಲ್ಲಿ ತೆರೆಯಿರಿ. ಡ್ರಮ್ಮು ಎರಡು ನಿಮಿಷದಲ್ಲಿ ತುಂಬುವಷ್ಟಕ್ಕೆ ನಲ್ಲಿಯನ್ನು ಹದಮಾಡಿ. ಆ ಸ್ಥಿತಿಯಲ್ಲಿ ಮಾಪಕದ ಮುಳ್ಳು ಅರ್ಧ ಕಿಲೋಗ್ರಾಮಿಗಿಂತ ಕೆಳಗಿಳಿಯಬಾರದು. ನೀರು ನಿಂತಿರುವಾಗ ಮುಳ್ಳು ಎಷ್ಟು ಮೇಲಿದ್ದರೂ ಅದು ಲೆಕ್ಕಕ್ಕಿಲ್ಲ. ಹರಿಯುವಾಗಿನ ಒತ್ತಡವೇ ನಿಜವಾದ ಒತ್ತಡ. ಕೃಷಿ ವಿಸ್ತರಣಾ ಕಾರ್ಯಕರ್ತರು ಈ ಒಂದು ಪರೀಕ್ಷೆಯನ್ನು ಊರಿನವರ ಮುಂದೆ ಮಾಡಿ ತೋರಿಸಿದರೆ ಹತ್ತು ಭಾಷಣಗಳಿಗೆ ಸಮ.

ತಿಂಗಳಿಗೊಮ್ಮೆ ತೊಟ್ಟಿಯ ಮಟ್ಟ, ವಾಲ್ವು ಮತ್ತು ಪಂಪು ನೋಡಬೇಕು. ಮಳೆಗಾಲ ಮುಗಿದ ಮೇಲೆ ಒಮ್ಮೆ, ಬೇಸಿಗೆ ಹತ್ತುವ ಮೊದಲು ಒಮ್ಮೆ ಡ್ರಮ್ಮಿನ ಪರೀಕ್ಷೆ ಮಾಡಬೇಕು. ಯಜಮಾನರಿಗೆ ಮಾತ್ರ ಗೊತ್ತಿದ್ದರೆ ಸಾಲದು. ಹಗಲು ಮನೆಯಲ್ಲಿರುವ ಹೆಂಗಸರಿಗೂ, ದೊಡ್ಡ ಮಕ್ಕಳಿಗೂ ವಾಲ್ವು ಎಲ್ಲಿದೆ ಎಂಬುದನ್ನು ತೋರಿಸಿಡಬೇಕು.

ಈ ವ್ಯವಸ್ಥೆಯ ಮಿತಿ

ಎರಡು ತಲೆ, ಹತ್ತು ನಿಮಿಷದ ಲೆಕ್ಕ ವಾಸದ ಕೋಣೆಗೆ ಹೊಂದುವಂಥದ್ದು. ಹುಲ್ಲು ತುಂಬಿದ ಅಟ್ಟ, ಅಡಿಕೆ ಒಣಗಿಸುವ ಗೂಡು, ಗೋಣಿಚೀಲದ ಉಗ್ರಾಣಗಳಿಗೆ ಇಷ್ಟು ನೀರು ಸಾಲದು. ಅಂಥವನ್ನು ಮನೆಯಿಂದ ದೂರವಿಡುವುದೇ ಮದ್ದು. ಬಣವೆ ಮನೆಯಿಂದ ಕನಿಷ್ಠ 20 ಮೀಟರ್ ದೂರವಿರಲಿ. ಹಸಿ ಹುಲ್ಲನ್ನು ಒಟ್ಟಿದರೆ ಒಳಗೇ ಕಾವು ಹುಟ್ಟಿ ತಾನಾಗಿ ಹೊತ್ತಿಕೊಳ್ಳಬಹುದು. ಚೆನ್ನಾಗಿ ಒಣಗಿದ ಮೇಲೆಯೇ ಒಟ್ಟಬೇಕು. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಸುರಿಯಬಾರದು. ಒಲೆ ಆರಿಸಿ, ತಟ್ಟೆ ಮುಚ್ಚಬೇಕು.

ಪೂರ್ತಿ ಖರ್ಚು ಭರಿಸಲಾಗದವರು

ತಲೆ, ಪೈಪುಗಳ ಖರ್ಚು ಎಲ್ಲರ ಕೈಗೂ ಎಟುಕದು. ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಈ ವರ್ಷ ತೊಟ್ಟಿಯ ಮೀಸಲು ಮತ್ತು 50 ಮಿ.ಮೀ. ಮುಖ್ಯ ಪೈಪು ಮಾಡಿಸಿ, ಮನೆಯ ಹೊರಗೆ, ಬೆಂಕಿಯ ಝಳ ತಟ್ಟದ ಜಾಗದಲ್ಲಿ ಒಂದು ಅಂಗುಲದ ನಲ್ಲಿಯನ್ನೂ ಮನೆಯ ಸುತ್ತ ಬರುವಷ್ಟು ಉದ್ದದ ರಬ್ಬರ್ ಪೈಪನ್ನೂ ಇಡಬಹುದು. ಮುಂದಿನ ವರ್ಷ ಅಡಿಗೆಮನೆ ಮತ್ತು ಮಲಗುವ ಕೋಣೆಗಳಿಗೆ ತಲೆಗಳನ್ನು ಕೂರಿಸಬಹುದು. ಮಲಗುವ ಕೋಣೆಯ ಹತ್ತಿರ ಬ್ಯಾಟರಿಯಿಂದ ನಡೆಯುವ ಹೊಗೆ ಎಚ್ಚರಿಕೆ ಗಂಟೆ ಇದ್ದರೆ ಇನ್ನೂ ಒಳ್ಳೆಯದು. ಕೊಟ್ಟಿಗೆಯ ಬಾಗಿಲ ಬಳಿ ಹರಿತವಾದ ಒಂದು ಕುಡುಗೋಲನ್ನು ಸದಾ ತೂಗುಹಾಕಿರಬೇಕು. ಗಂಟು ಬಿಚ್ಚಲು ಆಗದಾಗ ಕಣ್ಣಿ ಕೊಯ್ಯಲು ಅದು ಬೇಕು. ಆ ಕುಡುಗೋಲಿಗೆ ಖರ್ಚಿಲ್ಲ. ಅದಿಲ್ಲದೆ ಹೋದರೆ ಏನಾಗುತ್ತದೆ ಎಂಬುದನ್ನು ನಾನು ಕಂಡಿದ್ದೇನೆ.

ಏನೇ ವ್ಯವಸ್ಥೆ ಇದ್ದರೂ ಮೊದಲು ಜನ ಹೊರಬರಬೇಕು, ಕೂಡಲೇ 101 ಅಥವಾ 112ಕ್ಕೆ ಕರೆ ಮಾಡಬೇಕು. ನೀರು ಬೀಳುತ್ತಿದೆಯೆಂದು ಸಾಮಾನು ತರಲು ಯಾರೂ ಒಳಗೆ ಹೋಗಬಾರದು.

ನೆನಪಿಡಬೇಕಾದ ಅಂಶಗಳು

• ಎರಡು ತಲೆಗೆ ನಿಮಿಷಕ್ಕೆ 100 ಲೀಟರ್. 10 ನಿಮಿಷಕ್ಕೆ 1,000 ಲೀಟರ್ ಮೀಸಲು.
• ತಲೆಯ ಬಾಯಲ್ಲಿ 5 ಮೀಟರ್ ನೀರಿನ ಒತ್ತಡ. ಅದರ ಮೇಲೆ ಪೈಪಿನ ನಷ್ಟ.
• ಮುಖ್ಯ ಪೈಪು ಸಾಧ್ಯವಾದಷ್ಟು 50 ಮಿ.ಮೀ.; ನೆಲದಡಿಯಲ್ಲಿ.
• ಬಳಕೆಯ ಪೈಪು ಮೇಲೆ, ಬೆಂಕಿಯ ಪೈಪು ಕೆಳಗೆ.
• ವರ್ಷಕ್ಕೆರಡು ಬಾರಿ ಡ್ರಮ್ಮಿನ ಪರೀಕ್ಷೆ.

ಅಭ್ಯಾಸ

1. ಒರತೆಯಿಂದ ನಿಮಿಷಕ್ಕೆ 3 ಲೀಟರ್ ಬರುತ್ತದೆ. 1,000 ಲೀಟರ್ ತುಂಬಲು ಎಷ್ಟು ಹೊತ್ತು ಬೇಕು?
2. ಒಂದೇ ಅಂತಸ್ತಿನ 1,500 ಚದರ ಅಡಿಯ ಮನೆಗೆ ಕನಿಷ್ಠ ಎಷ್ಟು ನೀರು ಮೀಸಲಿರಬೇಕು?
3. 40 ಮಿ.ಮೀ. ಪೈಪು 80 ಮೀಟರ್ ಉದ್ದವಿದೆ. ನಿಮಿಷಕ್ಕೆ 100 ಲೀಟರ್ ಹರಿಯುವಾಗ ನಷ್ಟವಾಗುವ ಎತ್ತರ ಎಷ್ಟು?

ಉತ್ತರ: 1. ಸುಮಾರು ಐದೂವರೆ ಗಂಟೆ. 2. ಸುಮಾರು 690 ಲೀಟರ್. 3. ಸುಮಾರು 4 ಮೀಟರ್.

ಉತ್ತರ ಸರಿಯಾಗಿ ಬಂದವರು ಇಂದು ಸಂಜೆಯೇ ಒಂದು ಕೊಡವನ್ನು ತಮ್ಮ ಮನೆಯ ನಲ್ಲಿಯ ಕೆಳಗಿಟ್ಟು, ಅದು ತುಂಬಲು ಎಷ್ಟು ಹೊತ್ತಾಗುತ್ತದೆ ಎಂದು ಗಡಿಯಾರ ನೋಡಿ ಬರೆದಿಡಲಿ. ನಾಲ್ಕನೆಯ ಪ್ರಶ್ನೆ ಅದೇ.